ಸ್ಕರ್ವಿಯ ಹೆಸರೂ ಅದರ ಅಂಕಿಯೂ

ಕಾರವಾರದ ಎದುರಿಗಿರುವ ಅಂಜದೀವ ದ್ವೀಪವನ್ನು ಬಿಟ್ಟು 1498ನೆಯ ಇಸವಿ ಅಕ್ಟೋಬರ್ 5ರಂದು ವಾಸ್ಕೋ ಡ ಗಾಮನ ಹಡಗುಗಳು ಸ್ವದೇಶಾಭಿಮುಖವಾಗಿ ಹೊರಟವು. ಎದುರುಗಾಳಿಯೂ ಗಾಳಿಯೇ ಇಲ್ಲದ ದಿನಗಳೂ ಸೇರಿ, ಅರಬ್ಬೀ ಸಮುದ್ರವನ್ನು ದಾಟುವುದಕ್ಕೆ ಮೂರು ತಿಂಗಳಿಗೆ ಮೂರೇ ದಿನ ಕಡಮೆಯಾದಷ್ಟು ಕಾಲ ಹಿಡಿಯಿತು. ಆ ಯಾನದ ದಿನಚರಿಯನ್ನು ಬರೆದಿಟ್ಟವನು ಹೇಳುವುದನ್ನು ಓದಿದರೆ ಮೈ ನಡುಗುವುದು. ವಸಡುಗಳು ಹಲ್ಲುಗಳನ್ನು ಮುಚ್ಚುವಂತೆ ಬೆಳೆದು ಉಣ್ಣಲಾಗದೆ ಹೋಯಿತು, ಕಾಲುಗಳು ಊದಿಕೊಂಡುವು, ಮೂವತ್ತು ಮಂದಿ ಸತ್ತರು, ಅದಕ್ಕೆ ಮೊದಲೇ ಅಷ್ಟು ಮಂದಿ ಸತ್ತಿದ್ದರು. ಒಂದೊಂದು ಹಡಗನ್ನು ನಡೆಸುವುದಕ್ಕೆ ಏಳೆಂಟು ಜನ ಮಾತ್ರ ಉಳಿದಿದ್ದರು. 1499ರ ಜನವರಿ 7ರಂದು ಮಾಲಿಂದಿಯನ್ನು ಮುಟ್ಟಿದಾಗ ರೋಗಿಗಳು ಬೇಡಿದ್ದು ಕಿತ್ತಳೆಹಣ್ಣನ್ನು. ದಿನಚರಿಯಲ್ಲಿ ಲಕ್ಷಣಗಳೆಲ್ಲ ಇವೆ; ರೋಗದ ಹೆಸರಿಲ್ಲ.

ಹೆಸರಿಡುವ ಕಷ್ಟವು ಆ ನಾವಿಕನೊಬ್ಬನದೇ ಅಲ್ಲ. ವಸಡು ಮೆತ್ತಗಾಗಿ ಕಪ್ಪೇರಿ, ಕಾರಣವಿಲ್ಲದೆ ರಕ್ತವೊಸರುವ ವ್ಯಾಧಿಯನ್ನು ಸುಶ್ರುತನು ಶೀತಾದವೆಂದು ಕರೆದನು. ಆದರೆ ಅದು ಬಾಯಿಯ ರೋಗಗಳ ಸಾಲಿಗೆ ಸೇರಿತು. ಶೀತಾದವೇ ಸ್ಕರ್ವಿ ಎಂದು ಸಾಧಿಸಹೊರಡುವವರ ಉತ್ಸಾಹದಲ್ಲಿ ನಮಗೆ ಪಾಲಿಲ್ಲ. ಒಂದು ಅಂಗದ ವಿಕಾರಕ್ಕೆ ಕೊಟ್ಟ ಹೆಸರು ಇಡೀ ದೇಹದ ಕೊರತೆಗೆ ಹೊಂದಲಾರದು.

1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯನು ಸ್ಯಾಲಿಸ್‌ಬರಿ ಹಡಗಿನಲ್ಲಿ ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಚಿಕಿತ್ಸೆ ಮಾಡಿದ ಕಥೆ ವಾಚಕರಿಗೆ ತಿಳಿದಿರಬಹುದು. ಕಿತ್ತಳೆ ನಿಂಬೆಗಳನ್ನು ತಿಂದವರು ಆರು ದಿನಗಳಲ್ಲಿಯೇ ಚೇತರಿಸಿಕೊಂಡರು. ಮದ್ದು ದೊರೆಯಿತು, ಕಾರಣ ಮಾತ್ರ ದೊರೆಯಲಿಲ್ಲ.

ಅಂಕಿಯ ಕಥೆ ಇದಕ್ಕಿಂತ ಈಚಿನದು. ಪ್ಯಾರಿಸಿನ ಜಾಕ್ ಬರ್ಟಿಯೋ ಎಂಬ ಗಣಿತಿವೇತ್ತನು 1893ರಲ್ಲಿ ಮರಣಕಾರಣಗಳ ಪಟ್ಟಿಯೊಂದನ್ನು ಷಿಕಾಗೋ ನಗರದ ಸಭೆಯ ಮುಂದಿಟ್ಟನು. ದೇಶದೇಶಗಳ ಸಾವುಗಳನ್ನು ಒಂದೇ ಅಳತೆಯಿಂದ ಎಣಿಸಬೇಕೆಂಬುದು ಅದರ ಉದ್ದೇಶ. ಮುಂದೆ ಪರಿಷ್ಕೃತವಾದ ಆ ಪಟ್ಟಿಯಲ್ಲಿ ಸ್ಕರ್ವಿಗೆ 49ನೆಯ ಸಂಖ್ಯೆ ದೊರೆಯಿತು. ಸಂಧಿವಾತದ ಬಳಿಕ, ಮಧುಮೇಹಕ್ಕೆ ಮುಂಚೆ. ಕಾರಣವನ್ನರಿಯದೆ ನೆರೆಹೊರೆಯನ್ನು ಕಟ್ಟಿದರೆ ಹೀಗೆಯೇ ಆಗುವುದು.

1928ರಲ್ಲಿ ಆಲ್ಬರ್ಟ್ ಸೆಂಟ್‌ಜ್ಯಾರ್ಜಿ ಒಂದು ಆಮ್ಲವನ್ನು ಬೇರ್ಪಡಿಸಿದನು. ಅದೇ ಸಿ ಜೀವಸತ್ವವೆಂದು 1932ರಲ್ಲಿ ಖಚಿತವಾಯಿತು. ಸ್ಕರ್ವಿಯನ್ನು ನಿವಾರಿಸುವುದಾದ ಕಾರಣ ಅದಕ್ಕೆ ಆಸ್ಕಾರ್ಬಿಕ್ ಆಮ್ಲವೆಂದು ಹೆಸರಾಯಿತು. ಆದರೂ 1948ರ ಆರನೆಯ ಪರಿಷ್ಕರಣದಲ್ಲಿ 282ನೆಯ ಸಂಖ್ಯೆಯ ಮುಂದೆ ಇದ್ದುದು ಸ್ಕರ್ವಿ ಎಂಬ ಹಳೆಯ ಹೆಸರೇ. 1965ರಲ್ಲಿ ಅಂಗೀಕೃತವಾದ ಎಂಟನೆಯ ಪರಿಷ್ಕರಣದಲ್ಲಿ 264, ‘ಆಸ್ಕಾರ್ಬಿಕ್ ಆಮ್ಲದ ಕೊರತೆ’ ಎಂದಾಯಿತು. ರೋಗದಿಂದ ಹೆಸರು ಪಡೆದ ಆಮ್ಲವು ಕಡೆಗೆ ರೋಗದ ಹೆಸರನ್ನೇ ನುಂಗಿತು! ಒಂಬತ್ತರಲ್ಲಿ 267, ಹತ್ತರಲ್ಲಿ ಇ54. 2022ರ ಜನವರಿ 1ರಿಂದ ಜಾರಿಗೆ ಬಂದ ಹನ್ನೊಂದರಲ್ಲಿ ಸಿ ಜೀವಸತ್ವದ ಕೊರತೆಗೆ 5ಬಿ56 ಎಂದೂ, ಅದರೊಳಗೆ ಸ್ಕರ್ವಿಗೆ 5ಬಿ56.0 ಎಂದೂ ಸಂಕೇತಗಳಿವೆ. ಇದು ಬಹು ವಿವೇಕದ ಏರ್ಪಾಡು. ಕೊರತೆಯುಳ್ಳವರೆಲ್ಲರೂ ಸ್ಕರ್ವಿಗೆ ತುತ್ತಾದವರಲ್ಲವಷ್ಟೆ.

ಇದು ಗುಮಾಸ್ತರ ಕೆಲಸ, ನಮಗೇಕೆಂದು ಕೆಲವರು ಕೇಳಬಹುದು. ಚನ್ನಪಟ್ಟಣದ ಸೀಮೆಯ ಅಕ್ಕೂರಿನಂಥ ಊರಿನಲ್ಲಿ ಒಬ್ಬಂಟಿಯಾದ ಮುದುಕಿಯೊಬ್ಬಳಿರುವಳೆಂದು ಇಟ್ಟುಕೊಳ್ಳೋಣ. ಹಿತ್ತಿಲಲ್ಲಿ ನುಗ್ಗೆಯಿರಬಹುದು, ನೆಲ್ಲಿಯೂ ಇರಬಹುದು, ಕೊಯ್ದು ಕೊಡುವವರಿಲ್ಲ. ಹಲ್ಲಿಲ್ಲದ ಬಾಯಿಗೆ ತಿಂಗಳುಗಟ್ಟಲೆ ರಾಗಿಯ ಅಂಬಲಿಯೊಂದೇ ಆಹಾರ. ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದ್ದರೂ ಸಿ ಜೀವಸತ್ವವು ಇಲ್ಲವೆಂದೇ ಹೇಳಬೇಕು. ಒಂದೆರಡು ತಿಂಗಳಲ್ಲಿ ಆಯಾಸ, ಮೊಣಕಾಲಿನ ನೋವು, ಚರ್ಮದಲ್ಲಿ ರಕ್ತದ ಕಲೆಗಳು. ಕಡೆಗೆ ನ್ಯುಮೋನಿಯಾ ಬಂದು ತೀರಿಕೊಂಡರೆ ಪತ್ರದಲ್ಲಿ ನ್ಯುಮೋನಿಯಾ ಎಂದೇ ಬೀಳುವ ಸಂಭವವುಂಟು. ಮರಣಕಾರಣದ ಪ್ರಮಾಣಪತ್ರದಲ್ಲಿ ತತ್‌ಕ್ಷಣದ ಕಾರಣದ ಕೆಳಗೆ ಮೂಲಕಾರಣಕ್ಕೂ ಸ್ಥಳವಿರುವುದು ಇದಕ್ಕಾಗಿಯೇ. ಆ ಸಾಲನ್ನು ವೈದ್ಯರು ತುಂಬದಿದ್ದರೆ ಅಂಕಿ ಹಾಕುವವನು ತಾನಾಗಿ ಊಹಿಸಿ ಬರೆಯಲಾರನು. ರಕ್ತಹೀನತೆಯೊಂದಿಗೆ ಬಂದ ಸ್ಕರ್ವಿಯಂತೂ ಹತ್ತನೆಯ ಪರಿಷ್ಕರಣದಲ್ಲಿ ಡಿ53.2 ಎಂಬ ಬೇರೆಯ ಮನೆಗೇ ಹೋಗುವುದು. ಇ54 ಒಂದನ್ನೇ ಎಣಿಸಿ ರೋಗವು ಅಳಿದಿದೆ ಎನ್ನುವವರು ಇದನ್ನು ನೋಡಬೇಕು.

ಮಕ್ಕಳ ವಿಷಯದಲ್ಲಿ ಪೇಚು ಇನ್ನೂ ಹೆಚ್ಚು. ಹಾಲು, ಬಿಸ್ಕತ್ತುಗಳ ಹೊರತು ಏನನ್ನೂ ಮುಟ್ಟದ ಮಗುವು ಕಾಲೂರಲು ಒಲ್ಲದೆ ಅತ್ತಾಗ, ಕೀಲುರೋಗವೆಂದೋ ರಕ್ತದ ಅರ್ಬುದವೆಂದೋ ಸಂಶಯಿಸಿ ಪರೀಕ್ಷೆಗಳ ಮೇಲೆ ಪರೀಕ್ಷೆಗಳು ನಡೆಯುವುದುಂಟು. ಅಷ್ಟು ಹೊತ್ತೂ ಕಾಗದದ ಮೇಲೆ ಇರುವುದು ‘ಕೈಕಾಲು ನೋವು’ ಎಂಬ ಲಕ್ಷಣದ ಸಂಕೇತವೇ. ಯಾರಾದರೂ ತಾಯಿಯನ್ನು ಕರೆದು, ಮಗು ಏನೇನು ತಿನ್ನುತ್ತದೆಯಮ್ಮಾ ಎಂದು ಸಾವಧಾನವಾಗಿ ಕೇಳಿದ ಮೇಲೆಯೇ ಅಲ್ಲಿ ಇ54 ಎಂದು ಬರೆಯುವ ಸಂದರ್ಭ ಒದಗುವುದು.