ಟಕೀಲಾ ಮದ್ಯದ ಇತಿಹಾಸದಲ್ಲಿ ರುಚಿಯ ಸ್ಥಾನ

ಟಕೀಲಾ ಎಂಬುದು ಮೊದಲು ಒಂದು ಊರಿನ ಹೆಸರು. ಮೆಕ್ಸಿಕೊ ದೇಶದ ಪಶ್ಚಿಮ ಭಾಗದ ಹಲಿಸ್ಕೊ ಪ್ರಾಂತದಲ್ಲಿ, ಆರಿದ ಜ್ವಾಲಾಮುಖಿಯೊಂದರ ತಪ್ಪಲಿನಲ್ಲಿ ಈ ಊರು ಇದೆ. ಅಲ್ಲಿ ಇಳಿಸುತ್ತಿದ್ದ ಮದ್ಯಕ್ಕೆ ಬಹುಕಾಲ ಈ ಹೆಸರು ಇರಲಿಲ್ಲ. ಸ್ಪೇನಿನವರ ಆಳ್ವಿಕೆಯಲ್ಲಿ ಅದನ್ನು 'ವಿನೋ ಮೆಸ್ಕಾಲ್' ಎಂದು ಕರೆಯುತ್ತಿದ್ದರು. ಮೆಸ್ಕಾಲ್ ಎಂಬುದು ಆ ನಾಡಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಬಂದ ಶಬ್ದ. 'ಬೇಯಿಸಿದ ಮೆತ್ಲ್' ಎಂದು ಅದರ ಅರ್ಥ. ಮೆತ್ಲ್ ಎಂದರೆ ಕನ್ನಡ ನಾಡಿನ ಹೊಲಗಳ ಬೇಲಿಯಲ್ಲಿ ಕಾಣುವ ಕತ್ತಾಳೆಯ ಜಾತಿಗೆ ಸೇರಿದ ಗಿಡ. ಆ ಬೇಲಿಯ ಕತ್ತಾಳೆಯ ತೌರೂ ಮೆಕ್ಸಿಕೊವೇ ಆಗಿದೆ.

ಊರಿನ ಹೆಸರು ಮದ್ಯಕ್ಕೆ ಅಂಟಿಕೊಂಡಿತು; ಮುಂದೆ ಆ ಹೆಸರಿಗೆ ಕಾನೂನಿನ ರಕ್ಷಣೆಯೂ ದೊರೆಯಿತು. ಆದರೆ ಹೆಸರಿನೊಡನೆ ರುಚಿಯೂ ಉಳಿಯಿತೇ ಎಂಬುದು ಬೇರೆಯೇ ಪ್ರಶ್ನೆ. ಸಣ್ಣ ಭಟ್ಟಿಗಳಲ್ಲಿ ಅಷ್ಟಷ್ಟಾಗಿ ಇಳಿಸಿದ ಟಕೀಲಾವನ್ನು ಗುಟುಕುಗುಟುಕಾಗಿ ಸವಿದು ಪರೀಕ್ಷಿಸುವ ರೂಢಿ ಇತ್ತೀಚೆಗೆ ಬೆಳೆದಿರುವುದು ಈ ಪ್ರಶ್ನೆಯ ದೆಸೆಯಿಂದಲೇ.

ಕತ್ತಾಳೆಯಿಂದ ಮಾದಕ ಪಾನೀಯವನ್ನು ಪಡೆಯುವುದು ಸ್ಪೇನಿನವರು ಕಲಿಸಿದ ವಿದ್ಯೆಯಲ್ಲ. ಗಿಡದ ಸುಳಿಯನ್ನು ಕೆತ್ತಿ, ಒಸರುವ ರಸವನ್ನು ಹುಳಿಯಿಸಿ ಮಾಡುತ್ತಿದ್ದ ಪುಲ್ಕೆ ಅವರ ಆಗಮನಕ್ಕೆ ಎಷ್ಟೋ ಹಿಂದಿನದು. ಸೇಂದಿಯನ್ನು ಬಲ್ಲವರಿಗೆ ಇದನ್ನು ಬಣ್ಣಿಸಬೇಕಾದುದಿಲ್ಲ. ಹೊರಗಿನಿಂದ ಬಂದುದು ಭಟ್ಟಿ ಇಳಿಸುವ ಕ್ರಮ. ಇದನ್ನು ಸ್ಪೇನಿನವರೇ ತಂದರೆಂಬುದು ಒಂದು ಮತ. ಮನಿಲಾದಿಂದ ಪೆಸಿಫಿಕ್ ಸಾಗರವನ್ನು ದಾಟಿ ಬರುತ್ತಿದ್ದ ಹಡಗುಗಳಲ್ಲಿ ಫಿಲಿಪೀನ್ಸಿನ ಜನರು ತೆಂಗಿನ ಕಳ್ಳನ್ನು ಬಟ್ಟಿ ಇಳಿಸುವ ತಮ್ಮ ಸರಳ ಉಪಕರಣವನ್ನು ಕೊಲಿಮಾ ಕರಾವಳಿಗೆ ತಂದರೆಂಬುದು ಇನ್ನೊಂದು. ಎರಡನೆಯ ಮತಕ್ಕೆ ವಿದ್ವಾಂಸರಲ್ಲಿ ಈಗ ಹೆಚ್ಚಿನ ಮನ್ನಣೆ ಇದೆ.

ಸ್ಪೇನಿನ ದ್ರಾಕ್ಷಾಮದ್ಯದ ವ್ಯಾಪಾರಕ್ಕೆ ಧಕ್ಕೆಯಾಗದಿರಲೆಂದು ಮೂರನೆಯ ಕಾರ್ಲೋಸ್ ದೊರೆಯು 1785ರಲ್ಲಿ ಸ್ಥಳೀಯ ಮದ್ಯಗಳನ್ನು ನಿಷೇಧಿಸಿದನು. ಹತ್ತು ವರ್ಷಗಳ ತರುವಾಯ, 1795ರಲ್ಲಿ, ನಾಲ್ಕನೆಯ ಕಾರ್ಲೋಸನು ಹೋಸೆ ಮಾರಿಯಾ ಗ್ವಾದಲೂಪೆ ಕ್ವೆರ್ವೊ ಎಂಬವನಿಗೆ ಪರವಾನಗಿಯನ್ನಿತ್ತನು. ಬೊಕ್ಕಸಕ್ಕೆ ತೆರಿಗೆ ಬೇಕಾದಾಗ ನಿಷೇಧಗಳು ಸಡಿಲವಾಗುವುದು ಅಲ್ಲಿಗೆ ಮಾತ್ರ ಮೀಸಲಾದ ಸಂಗತಿಯೇನೂ ಅಲ್ಲ. 1873ರಲ್ಲಿ ಇದೇ ಊರಿನಲ್ಲಿ ಭಟ್ಟಿಯೊಂದನ್ನು ಕೊಂಡ ಸೆನೋಬಿಯೊ ಸೌಸಾ ಎಂಬವನು, ಹಲವು ಬಗೆಯ ಕತ್ತಾಳೆಗಳಲ್ಲಿ ನೀಲಿ ಛಾಯೆಯ ಒಂದೇ ಬಗೆಯನ್ನು ಶ್ರೇಷ್ಠವೆಂದು ಎತ್ತಿಹಿಡಿದನೆಂದು ಹೇಳುತ್ತಾರೆ. 1902ರಲ್ಲಿ ಫ್ರೆಂಚ್ ವಿದ್ವಾಂಸ ವೆಬರನು ಅದಕ್ಕೆ 'ಅಗಾವೆ ಟಕೀಲಾನಾ' ಎಂಬ ಶಾಸ್ತ್ರೀಯ ನಾಮವನ್ನಿಟ್ಟನು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕತ್ತಾಳೆಯ ಗಡ್ಡೆಯನ್ನು ಹಿಂದೆ ನೆಲದಲ್ಲಿ ತೋಡಿದ ಕುಳಿಯೊಳಗೆ, ಕಟ್ಟಿಗೆಯ ಬೆಂಕಿಯಿಂದ ಕಾಯಿಸಿದ ಕಲ್ಲುಗಳ ಮೇಲೆ ಬೇಯಿಸುತ್ತಿದ್ದರು. ಮೆಸ್ಕಾಲ್ ಮದ್ಯದ ಹೊಗೆಯ ವಾಸನೆ ಅದರಿಂದಲೇ ಬಂದುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಟಕೀಲಾ ಊರಿನವರು ಹಬೆಯಿಂದ ಬೇಯಿಸುವ ಇಟ್ಟಿಗೆಯ ಒಲೆಗಳನ್ನು ಕಟ್ಟಿದರು. ಹೊಗೆಯ ವಾಸನೆ ಹೋಯಿತು, ಗಡ್ಡೆಯ ಸ್ವಂತ ರುಚಿ ಮುಂದೆ ಬಂದಿತು. ಇಂದು ಸಾಂಪ್ರದಾಯಿಕವೆಂದು ಕೊಂಡಾಡುವ ಇಟ್ಟಿಗೆಯ ಒಲೆಯೂ ಒಂದು ಕಾಲದ ಹೊಸ ಯಂತ್ರವೇ ಆಗಿದ್ದಿತು. ಆದುದರಿಂದ ಹಳೆಯದೆಲ್ಲವೂ ಒಳ್ಳೆಯದೆಂಬ ವಾದವನ್ನು ಈ ಮದ್ಯದ ವಿಷಯದಲ್ಲಿ ಹೂಡುವುದು ಸಾಧುವಲ್ಲ. ಯಾವ ಮಾರ್ಪಾಡಿನಿಂದ ರುಚಿ ಬೆಳೆಯಿತು, ಯಾವುದರಿಂದ ಕುಗ್ಗಿತು ಎಂಬುದನ್ನು ಬಿಡಿಬಿಡಿಯಾಗಿಯೇ ನೋಡಬೇಕು.

ನೀಲಿ ಕತ್ತಾಳೆ ಬಲಿಯಲು ಆರರಿಂದ ಎಂಟು ವರ್ಷಗಳು ಬೇಕು. ಹಿಮಾದೋರ್ ಎನಿಸಿಕೊಳ್ಳುವ ಕುಶಲ ಕೂಲಿಯವನು ಉದ್ದ ಹಿಡಿಯ ಕೋವಾ ಎಂಬ ಆಯುಧದಿಂದ ಎಲೆಗಳನ್ನು ಸವರಿದಾಗ ಅನಾನಸಿನಂತಹ ಗಡ್ಡೆ ಉಳಿಯುತ್ತದೆ. ಅದನ್ನು ಸೀಳಿ ಇಟ್ಟಿಗೆಯ ಒಲೆಯಲ್ಲಿ ಎರಡು ಮೂರು ದಿವಸ ಬೇಯಲು ಬಿಟ್ಟರೆ, ಅದರಲ್ಲಿನ ಸಪ್ಪೆಯಾದ ಪಿಷ್ಟದಂತಹ ವಸ್ತು ಸಕ್ಕರೆಯಾಗಿ ಮಾರ್ಪಟ್ಟು, ಗಡ್ಡೆ ಸುಟ್ಟ ಗೆಣಸಿನಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ತಾಹೋನಾ ಎಂಬ ಭಾರವಾದ ಕಲ್ಲಿನ ಗಾಲಿ ವೃತ್ತಾಕಾರದ ಕುಳಿಯಲ್ಲಿ ಉರುಳಿ ಬೆಂದ ಗಡ್ಡೆಯನ್ನು ಅರೆಯುತ್ತದೆ. ಹಿಂದೆ ಇದನ್ನು ಹೇಸರಗತ್ತೆಗಳು ಎಳೆಯುತ್ತಿದ್ದುವು. ಎತ್ತಿನ ಗಾಣವನ್ನು ಕಂಡವರಿಗೆ ಆ ದೃಶ್ಯ ಹೊಸದಲ್ಲ. ಗಾಲಿಯು ನಾರನ್ನು ಕತ್ತರಿಸದೆ ಜಜ್ಜುತ್ತದೆ. ಕೆಲವು ಭಟ್ಟಿಗಳಲ್ಲಿ ಆ ನಾರನ್ನೂ ರಸದೊಡನೆ ಹುಳಿಯಲು ಬಿಡುವುದುಂಟು. ಅನಂತರ ತಾಮ್ರದ ಹಂಡೆಯಲ್ಲಿ ಎರಡು ಬಾರಿ ಇಳಿಸಿದರೆ ಟಕೀಲಾ ಸಿದ್ಧ. ಒಂದು ಲೀಟರಿಗೆ ಸುಮಾರು 7 ಕಿಲೋ ಗಡ್ಡೆ ಬೇಕು.

ಕಾಲವನ್ನೂ ಗಡ್ಡೆಯನ್ನೂ ಉಳಿಸುವ ಉಪಾಯಗಳು ಒಂದೊಂದಾಗಿ ಬಂದುವು. ಒತ್ತಡದ ಉಕ್ಕಿನ ಪಾತ್ರೆಗಳಲ್ಲಿ ಗಡ್ಡೆ ಒಂದು ದಿವಸದೊಳಗೆ ಬೇಯಿತು. ಕಲ್ಲಿನ ಗಾಲಿಯ ಜಾಗಕ್ಕೆ ಉರುಳೆಯ ಗಿರಣಿ ಬಂದಿತು. ಡಿಫ್ಯೂಸರ್ ಎಂಬ ದೊಡ್ಡ ಯಂತ್ರವಂತೂ ಬೇಯಿಸದ ಗಡ್ಡೆಯನ್ನೇ ಚೂರುಮಾಡಿ ಬಿಸಿನೀರಿನಿಂದ ತೊಳೆದು ಸತ್ತ್ವವನ್ನೆಲ್ಲ ಹೀರುತ್ತದೆ. ಹೀಗೆ ಬಂದ ಮದ್ಯದಲ್ಲಿ ದೋಷವಿದೆಯೆಂದಲ್ಲ. ಗೆಣಸು ಬೆಂದ ಆ ಕಂಪು ಮಾತ್ರ ಅದರಲ್ಲಿ ದೊರೆಯುವುದು ಕಷ್ಟ.

ಸರಕಾರದ ನಿಯಮಗಳೂ ಇದೇ ದಾರಿಯನ್ನು ಹಿಡಿದುವು. 1949ರ ನಿಯಮದಂತೆ ಟಕೀಲಾ ಪೂರ್ತಿಯಾಗಿ ಕತ್ತಾಳೆಯಿಂದಲೇ ಆಗಬೇಕಾಗಿದ್ದಿತು. 1964ರಲ್ಲಿ ನೂರಕ್ಕೆ 30 ಭಾಗ, 1970ರಲ್ಲಿ ನೂರಕ್ಕೆ 49 ಭಾಗ ಅನ್ಯ ಸಕ್ಕರೆಯನ್ನು ಬೆರೆಸಲು ಅನುಮತಿ ದೊರೆಯಿತು. 1974ರಲ್ಲಿ ಹೆಸರಿಗೆ ಪ್ರಾದೇಶಿಕ ರಕ್ಷಣೆ ಬಂದಿತು. 1994ರಲ್ಲಿ ಅದರ ಮೇಲ್ವಿಚಾರಣೆಗೆ ನಿಯಂತ್ರಣ ಮಂಡಲಿಯೊಂದು ಸ್ಥಾಪಿತವಾಯಿತು. ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ದಖ್ಖಣದ ಕತ್ತಾಳೆಯಿಂದ ಈಚೆಗೆ ಇಳಿಸಿರುವ ಮದ್ಯವನ್ನು ಟಕೀಲಾ ಎಂದು ಕರೆಯುವಂತಿಲ್ಲ, ಅದು ನ್ಯಾಯವೇ. ಆದರೆ ಹಲಿಸ್ಕೊದಲ್ಲಿಯೇ ಅರ್ಧದಷ್ಟು ಕಬ್ಬಿನ ಸಕ್ಕರೆಯಿಂದ ಆದುದನ್ನು ಆ ಹೆಸರಿನಿಂದ ಕರೆಯಬಹುದು! ನೂರಕ್ಕೆ ನೂರು ಕತ್ತಾಳೆಯದೆಂದು ಚೀಟಿಯಿರುವ ಮದ್ಯದಲ್ಲಿಯೂ ಬಣ್ಣ, ಗ್ಲಿಸರಿನ್, ಸಕ್ಕರೆ ಪಾಕ, ಓಕ್ ಮರದ ಸಾರ ಇವುಗಳನ್ನು ನೂರಕ್ಕೆ ಒಂದು ಭಾಗದ ಮಿತಿಯೊಳಗೆ ಸೇರಿಸಲು ನಿಯಮವು ಎಡೆಗೊಟ್ಟಿತು. ಕಾನೂನು ಕಾಪಾಡಿದುದು ಊರಿನ ಹೆಸರನ್ನು. ರುಚಿಯ ಹೊಣೆ ಕುಡಿಯುವವನ ನಾಲಗೆಗೆ ಉಳಿಯಿತು.

ಸೌಸಾ ಮನೆತನದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಸೆನೋಬಿಯೊವಿನ ಮೊಮ್ಮಗ ಫ್ರಾನ್ಸಿಸ್ಕೊ ಹವಿಯೆರ್ 1976ರಲ್ಲಿ ಮನೆತನದ ಉದ್ಯಮವನ್ನು ಹೆಸರಿನ ಸಮೇತ ಮಾರಿದನು. ಟಕೀಲಾ ಊರಿನ ದಿಬ್ಬದ ಮೇಲಿದ್ದ ಹಳೆಯ ಸಣ್ಣ ಭಟ್ಟಿ ಮಾತ್ರ ಕುಟುಂಬದಲ್ಲಿ ಉಳಿದು, ಕೆಲಸ ನಿಂತು ಪ್ರದರ್ಶನಾಲಯವಾಗಿದ್ದಿತು. ಅವನ ಮೊಮ್ಮಗ ಗಿಯೆರ್ಮೊ ಆ ಒಲೆಯನ್ನೂ ಕಲ್ಲಿನ ಗಾಲಿಯನ್ನೂ ಮತ್ತೆ ನಡೆಸಿ, 2005ರಲ್ಲಿ ಟಕೀಲಾವನ್ನು ಹೊರತಂದನು. ಮನೆತನದ ಹೆಸರು ಪರರ ಸ್ವತ್ತಾಗಿದ್ದುದರಿಂದ ಅದಕ್ಕೆ 'ಲೋಸ್ ಆಬ್ವೆಲೋಸ್', ಎಂದರೆ 'ಅಜ್ಜಂದಿರು', ಎಂದು ಹೆಸರಾಯಿತು. ಹೆಸರನ್ನು ಕಳೆದುಕೊಂಡ ಕುಟುಂಬಕ್ಕೆ ರುಚಿಯೊಂದೇ ದಾಯವಾಗಿ ದಕ್ಕಿತು. ಅರಾಂದಾಸ್ ಸಮೀಪದ ಲಾ ಅಲ್ತೇನ್ಯಾ ಮೊದಲಾದ ಕೆಲವು ಭಟ್ಟಿಗಳಲ್ಲಿ ಕಲ್ಲಿನ ಗಾಲಿಯ ಕೆಲಸ ಇಂದಿಗೂ ನಡೆದಿದೆ.

ಇಂತಹ ಮದ್ಯವನ್ನು ಉಪ್ಪು ನಿಂಬೆಗಳೊಡನೆ ಒಂದೇ ಉಸಿರಿಗೆ ಗಂಟಲಿಗೆ ಸುರಿದುಕೊಳ್ಳುವುದು ಅದನ್ನು ಮಾಡಿದವರ ಶ್ರಮಕ್ಕೆ ತೋರುವ ಅನಾದರ. ಆ ಸಂಪ್ರದಾಯ ಒರಟು ಮದ್ಯದ ಕಟುತ್ವವನ್ನು ಮರೆಸಲು ತಕ್ಕುದು. ಮರೆಸಬೇಕಾದುದು ಇಲ್ಲದೆಡೆ ಅದರಿಂದ ನಷ್ಟವೇ ಹೆಚ್ಚು. ಬಲ್ಲವರು ಮೊದಲು ಪೀಪಾಯಿಯಲ್ಲಿಡದ ಬಿಳಿಯ ಬ್ಲಾಂಕೊವನ್ನು ಪರೀಕ್ಷಿಸುತ್ತಾರೆ. ರೆಪೊಸಾದೊ ಎರಡು ತಿಂಗಳಾದರೂ, ಅನ್ಯೇಹೊ ಒಂದು ವರ್ಷವಾದರೂ ಓಕ್ ಮರದ ಸಂಗದಲ್ಲಿ ಕಳೆದಿರುತ್ತದೆ. ಮರದ ಸೌಗಂಧ್ಯ ಗಡ್ಡೆಯ ಗುಣವನ್ನೂ ಅವಗುಣವನ್ನೂ ಮುಚ್ಚಬಲ್ಲುದು. ಬಾಯಿ ಕಿರಿದಾದ ಬಟ್ಟಲಿನಲ್ಲಿ ಸ್ವಲ್ಪವೇ ಹಾಕಿ, ಮೂಗನ್ನು ಅಂಚಿನಿಂದ ತುಸು ದೂರದಲ್ಲಿ ಹಿಡಿಯಬೇಕು. ಮೊದಲ ಗುಟುಕು ನಾಲಗೆಯನ್ನು ಪಳಗಿಸಲು ಮಾತ್ರ. ಎರಡನೆಯದರಲ್ಲಿ ಬೆಂದ ಗಡ್ಡೆಯ ಸಿಹಿ, ಮೆಣಸಿನ ಚುರುಕು, ನಿಂಬೆಸಿಪ್ಪೆಯ ಪರಿಮಳ ಬೇರೆಬೇರೆಯಾಗಿ ಗೋಚರಿಸುತ್ತವೆ. ಕಣಿವೆಯ ಗಡ್ಡೆಯಲ್ಲಿ ಮಣ್ಣಿನ ಮತ್ತು ಸೊಪ್ಪಿನ ವಾಸನೆ, ಮೇಲುನಾಡಿನದರಲ್ಲಿ ಹಣ್ಣಿನ ಮಾಧುರ್ಯ ಎಂದು ವಿಂಗಡಿಸುವುದುಂಟು. ಈ ವಿಂಗಡಣೆಯನ್ನು ಅತಿಯಾಗಿ ನಂಬಬಾರದು; ಒಲೆಯೂ ಅರೆಯುವ ಕ್ರಮವೂ ಮಣ್ಣಿನಷ್ಟೇ ಮಾತಾಡುತ್ತವೆ. ಚೀಟಿಯಲ್ಲಿ ನೋಮ್ ಎಂಬ ಅಕ್ಷರಗಳ ಬಳಿ ಇರುವ ಸಂಖ್ಯೆಯಿಂದ ಮದ್ಯ ಯಾವ ಭಟ್ಟಿಯದೆಂದು ತಿಳಿಯುತ್ತದೆ. ಬೇರೆ ಬೇರೆ ಹೆಸರಿನ ಹಲವು ಸೀಸೆಗಳು ಒಂದೇ ಸಂಖ್ಯೆಯನ್ನು ಹೊತ್ತಿರುವುದು ಅಪರೂಪವಲ್ಲ.

ಗಡ್ಡೆಯ ಸಕ್ಕರೆ ಹೂವಿಗೆ ಹೋಗದಿರಲೆಂದು ಕತ್ತಾಳೆಯ ಹೂದಂಡನ್ನು ಬೆಳೆಯುವ ಮುನ್ನವೇ ಕತ್ತರಿಸುತ್ತಾರೆ. ಹೊಸ ಗಿಡಗಳನ್ನು ಬಾಳೆಯಂತೆ ಬುಡದ ಕಂದುಗಳಿಂದಲೇ ಬೆಳೆಸುತ್ತಾರೆ. ಹೀಗೆ ಹೊಲದ ಗಿಡಗಳೆಲ್ಲ ಒಂದೇ ಅಚ್ಚಿನವಾದುದರಿಂದ 1990ರ ದಶಕದ ಕೊನೆಗೆ ರೋಗಗಳು ಸುಲಭವಾಗಿ ಹರಡಿ, ಗಡ್ಡೆಗೆ ಬರ ಬಂದಿತು. ಹೂವಿನ ಮಕರಂದವನ್ನು ಉಂಡು ಪರಾಗವನ್ನು ಹರಡುವ ಬಾವಲಿಗಳಿಗೂ ಆಹಾರ ತಪ್ಪಿದ್ದಿತು. ಮೆಕ್ಸಿಕೊದ ಪ್ರಾಣಿವಿಜ್ಞಾನಿ ರೊದ್ರಿಗೊ ಮೆದೆಯೀನ್ ಅವರ ಒತ್ತಾಯದಿಂದ ಕೆಲವು ಸಣ್ಣ ಭಟ್ಟಿಗಳವರು ತಮ್ಮ ಹೊಲಗಳಲ್ಲಿ ನೂರಕ್ಕೆ ಐದು ಗಿಡಗಳನ್ನು ಹೂ ಬಿಡಲು ಉಳಿಸತೊಡಗಿದರು; 2016ರಲ್ಲಿ ಆ ಗುರುತನ್ನು ಹೊತ್ತ ಮೊದಲ ಸೀಸೆಗಳು ಮಾರಾಟಕ್ಕೆ ಬಂದುವು. ಹಾಗೆ ಉಳಿಸಿದ ಗಿಡಗಳು ಹೂ ಬಿಟ್ಟ ಮೇಲೆ ಒಣಗಿಹೋಗುತ್ತವೆ; ಅವುಗಳಿಂದ ಮದ್ಯ ದೊರೆಯುವುದಿಲ್ಲ.