ಸುಟ್ಟ ಮನೆ, ನಿಂತ ಗೋಡೆ: ಆಸಾರ್ ಮಹಲಿನ ಹೊಂಡದ ದಂಡೆಯಲ್ಲಿ ‘ಜೀರ್ಣೋದ್ಧಾರ’ದ ಅರ್ಥ

ಸ್ಮಾರಕಗಳ ನೆರೆಯಲ್ಲಿರುವ ಮನೆಗಳ ಕಾನೂನಿನ ಬಗ್ಗೆ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಮೊದಲು ಯೋಚಿಸಿದ ಹಿರಿಯರೊಬ್ಬರ ವಾದ ಇದು: 1992ರ ಜೂನ್ 16ಕ್ಕಿಂತ ಮೊದಲು ಇದ್ದ ಮನೆ ಬೆಂಕಿಗೆ ಬಿದ್ದರೆ ಅದೇ ಜಾಗದಲ್ಲಿ ಮತ್ತೆ ಕಟ್ಟಿಕೊಳ್ಳಲು ಮಾಲೀಕನಿಗೆ ಅಡ್ಡಿಯಿಲ್ಲ; ಕಾನೂನೇ ‘ಜೀರ್ಣೋದ್ಧಾರ’ಕ್ಕೆ ಒಪ್ಪಿಗೆ ಕೊಟ್ಟಿದೆ. ಹಿರಿಯರ ಹೆಸರು ಬರೆಯುವುದಿಲ್ಲ, ಅವರ ಋಣ ನನ್ನ ಮೇಲಿದೆ. ಆದರೆ ಇಬ್ರಾಹಿಂಪುರದ ನನ್ನ ಮನೆಗೆ ಅರ್ಜಿಯ ಕರಡು ಹಿಡಿದು ಬರುವವರೆಲ್ಲ ಈ ವಾದವನ್ನೇ ನಂಬಿ ಬರುತ್ತಾರೆ. ಅದು ಎರಡು ಕಡೆ ತಪ್ಪಿದೆ. ಒಂದು ಕಡೆ ಮಾಲೀಕನಿಗೆ ಇಲ್ಲದ ಹಕ್ಕನ್ನು ಕೊಡುತ್ತದೆ, ಇನ್ನೊಂದು ಕಡೆ ಇರುವ ಹಕ್ಕನ್ನು ಕಾಣದೆ ಹೋಗುತ್ತದೆ.

ಮೊದಲು ತಾರೀಖಿನ ಗೊಂದಲ ಬಿಡಿಸಿಕೊಳ್ಳೋಣ. ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಬಂದ 1992ರ ಅಧಿಸೂಚನೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶ ಎಂದಿತು. ಆದರೆ ಬಾಗಿಲು ಪೂರ್ತಿ ಮುಚ್ಚಿದ್ದು ಆಗ ಅಲ್ಲ. ನಿಷೇಧಿತ ಪ್ರದೇಶದಲ್ಲೂ ಒಂದೊಂದೇ ಪ್ರಕರಣ ನೋಡಿ ಅನುಮತಿ ಕೊಡುವ ಪದ್ಧತಿ ನಡೆದೇ ಇತ್ತು. 2006ರಿಂದ ಅದಕ್ಕೊಂದು ಸಲಹಾ ಸಮಿತಿಯೂ ಇತ್ತು. ವಿನಾಯಿತಿ ಎಂಬ ಮಾತಿಗೆ ಅರ್ಥವಿದ್ದ ಕಾಲ ಅದು. 2009ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್ ಈ ಪದ್ಧತಿಗೆ ಕಾನೂನಿನ ಆಧಾರವಿಲ್ಲ ಎಂದಿತು. 2010ರ ಜನವರಿಯಲ್ಲಿ ಸುಗ್ರೀವಾಜ್ಞೆ ಬಂತು, ಮಾರ್ಚ್ 29ರಂದು ತಿದ್ದುಪಡಿ ಕಾಯ್ದೆಗೆ ಅಂಕಿತ ಬಿತ್ತು. ಅಂದಿನಿಂದ ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಕೊಡುವ ಅಧಿಕಾರ ಯಾರ ಕೈಯಲ್ಲೂ ಇಲ್ಲ. ಸಾರ್ವಜನಿಕ ಕಾಮಗಾರಿಗಾದರೂ ಸಡಿಲಿಸೋಣ ಎಂಬ ಮಸೂದೆ 2018ರ ಜನವರಿಯಲ್ಲಿ ಲೋಕಸಭೆ ದಾಟಿತು, ಕಾಯ್ದೆಯಾಗಲಿಲ್ಲ.

ಹಾಗಾದರೆ ಉಳಿದದ್ದೇನು? 20ಸಿ ಕಲಮು. 1992ರ ಜೂನ್ 16ಕ್ಕಿಂತ ಮೊದಲು ಇದ್ದ ಕಟ್ಟಡದ ಮಾಲೀಕನು ‘ದುರಸ್ತಿ ಮತ್ತು ನವೀಕರಣ’ಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ನಮ್ಮ ಹಿರಿಯರು ಈ ಜೋಡಿ ಪದವನ್ನು ‘ಜೀರ್ಣೋದ್ಧಾರ’ ಎಂದು ಕನ್ನಡಿಸಿದರು, ಎಡವಟ್ಟು ಅಲ್ಲೇ ಆಯಿತು. ಇಂದು ನಾವು ಆ ಪದವನ್ನು ಬಳಸುವ ರೀತಿ ನೋಡಿ: ಹಳೆಯ ಹನುಮಪ್ಪನ ಗುಡಿಯನ್ನು ಬುನಾದಿಯವರೆಗೆ ಕೆಡವಿ, ಸ್ಲ್ಯಾಬ್ ಹಾಕಿ, ಎನಾಮಲ್ ಬಣ್ಣ ಬಳಿದು, ಬಾಗಿಲ ಮೇಲೆ ‘ಜೀರ್ಣೋದ್ಧಾರ’ ಎಂದು ಕಲ್ಲು ಕೂರಿಸುತ್ತೇವೆ. ಕಾಯ್ದೆಯ ಕಣ್ಣಿಗೆ ಅದು ಪುನರ್‌ನಿರ್ಮಾಣ. ಮೊದಲಿದ್ದ ಉದ್ದಗಲ, ಎತ್ತರಗಳನ್ನು ಮೀರದೆ ಮತ್ತೆ ಎಬ್ಬಿಸುವುದು ಪುನರ್‌ನಿರ್ಮಾಣ. ಇದ್ದ ಕಟ್ಟಡದಲ್ಲಿ ಮಾಡುವ ಮಾರ್ಪಾಡು ದುರಸ್ತಿ. ಎರಡನೆಯದರಲ್ಲಿ ಮೊದಲನೆಯದು ಸೇರುವುದಿಲ್ಲ ಎಂದು ವ್ಯಾಖ್ಯಾನದ ಕಲಮೇ ಹೇಳುತ್ತದೆ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಎರಡನ್ನೂ ಮಾಡಬಹುದು. ನಿಷೇಧಿತ ಪ್ರದೇಶಕ್ಕೆ ಸಂಬಂಧಿಸಿದ 20ಸಿಯಲ್ಲಿ ಇರುವುದು ದುರಸ್ತಿ ಮಾತ್ರ. (ವ್ಯಾಖ್ಯಾನದ ಕಲಮು ಓದದೆ ಕಾನೂನಿನ ಇತಿಹಾಸ ಬರೆಯುವ ಧೈರ್ಯ ನನಗಿಲ್ಲ. ಕೆಲವರಿಗಿದೆ.)

ವಿಚಿತ್ರವೆಂದರೆ, ನಮ್ಮ ಶಿಲಾಶಾಸನಗಳ ಕನ್ನಡ ಈ ವಿಷಯದಲ್ಲಿ ಇಂದಿನ ಕನ್ನಡಕ್ಕಿಂತ ಖಚಿತ. ದತ್ತಿ ಬಿಡುವಾಗ ಬರುವ ಸಿದ್ಧ ಮಾತು ‘ಖಂಡಸ್ಫುಟಿತಜೀರ್ಣೋದ್ಧಾರ’. ಖಂಡ ಎಂದರೆ ಮುರಿದದ್ದು, ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು, ಜೀರ್ಣ ಎಂದರೆ ಸವೆದದ್ದು. ಮೂರಕ್ಕೂ ಮುರಿಯಲು, ಬಿರಿಯಲು, ಸವೆಯಲು ಏನಾದರೂ ನಿಂತಿರಲೇಬೇಕು. ನಿರ್ನಾಮವಾದದ್ದಕ್ಕೆ ಆ ಪದಪುಂಜದಲ್ಲಿ ಜಾಗವಿಲ್ಲ. ಹಿರಿಯರು ಪದವನ್ನು ಬಳಸಿದರು, ಅದರ ತಲೆಯ ಮೇಲಿದ್ದ ಎರಡು ವಿಶೇಷಣಗಳನ್ನು ಕಳಚಿಟ್ಟರು.

ಇಷ್ಟರಿಂದ ಸುಟ್ಟ ಮನೆಯವನಿಗೆ ದಾರಿಯೇ ಇಲ್ಲ ಎನ್ನುವ ಇನ್ನೊಂದು ಪಂಗಡವಿದೆ. ಅವರ ಮಾತು ಇನ್ನೂ ಸಡಿಲ. ಅವರ ಮನಸ್ಸಿನಲ್ಲಿರುವುದು ಬೆಂಕಿಗೆ ಪೂರ್ತಿ ಇಲ್ಲವಾಗುವ ಮನೆ, ಅಮೆರಿಕದ ಸರೋವರದ ದಂಡೆಯ ಕಟ್ಟಿಗೆ ಮನೆಯಂಥದ್ದು. ಬೆಂಕಿ ಬಿದ್ದರೆ ಅಲ್ಲಿ ಉಳಿಯುವುದು ಹೊಗೆಗೂಡು. ಅಲ್ಲಿನ ಹಲವು ಊರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳಾದ ಮನೆಗೆ ಹಳೆಯ ಹಕ್ಕು ತಪ್ಪುತ್ತದೆ, ವಿಶೇಷ ವಿನಾಯಿತಿ ಬೇಡಬೇಕಾಗುತ್ತದೆ. ನಮ್ಮ ಕಾಯ್ದೆಯಲ್ಲಿ ಅಂಥ ಅರ್ಧ–ಕಾಲು ಲೆಕ್ಕವಿಲ್ಲ. ನಮ್ಮ ಮನೆಯೂ ಅಂಥದ್ದಲ್ಲ.

ಆಸಾರ್ ಮಹಲಿನ ಸುತ್ತಿನ ಹಳೆಯ ಓಣಿಯ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಮೊಹಮ್ಮದ್ ಆದಿಲ್ ಶಾಹ ಸುಮಾರು 1646ರಲ್ಲಿ ನ್ಯಾಯಸಭೆಗೆಂದು ಕಟ್ಟಿಸಿದ ಮಹಲು ಅದು. ಹಿಂದೆ ಒಳಕೋಟೆಯ ಕಂದಕ, ಮುಂದೆ ಚೌಕ ಹೊಂಡ, ಮುಂಭಾಗದ ಎತ್ತರದ ಛಾವಣಿಯನ್ನು ಹೊತ್ತಿರುವುದು ಮರದ ಕಂಬಗಳು. ಓಣಿಯ ಮನೆಗೆ ಕರಿಕಲ್ಲಿನ ದಪ್ಪ ಗೋಡೆ, ಮೇಲೆ ಮಾಳಿಗೆ: ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮೊಳ ದಪ್ಪ ಮಣ್ಣು. ಬೆಂಕಿ ತೊಲೆ–ಜಂತಿಗಳನ್ನು ತಿನ್ನುತ್ತದೆ. ಆಸರೆ ತಪ್ಪಿದ ಮಣ್ಣು ಧಪ್ಪನೆ ಕುಸಿದು ಅರ್ಧ ಬೆಂಕಿಯನ್ನು ತಾನೇ ನಂದಿಸುತ್ತದೆ. ಮರುದಿನ ನೋಡಿದರೆ ಒಳಗೆ ಮಣ್ಣಿನ ಗುಡ್ಡೆ, ಸುತ್ತ ನಾಲ್ಕು ಗೋಡೆ, ಗೋಡೆಯಲ್ಲಿ ಕಪ್ಪಿಟ್ಟ ಮಾಡುಗೂಡು, ತೊಲೆಯ ತುದಿ ಕೂತಿದ್ದ ತೂತು. ಈ ಕಟ್ಟಡ ‘ಇಲ್ಲ’ ಎನ್ನಲು ಬರುವುದಿಲ್ಲ. ಮುರಿದಿದೆ, ಬಿರಿದಿದೆ. ಅದೇ ತೂತಿಗೆ ತೊಲೆ ಕೂರಿಸಿ ಅದೇ ಎತ್ತರಕ್ಕೆ ಮಾಳಿಗೆ ಹಾಕುವುದು ದುರಸ್ತಿ ಎಂದೇ ನನ್ನ ವಾದ. ಅದೇ ಗೋಡೆ ಕೆಡವಿ ಪಿಲ್ಲರ್ ಎಬ್ಬಿಸಿದರೆ ಪುನರ್‌ನಿರ್ಮಾಣ. ಮೇಲೊಂದು ಕೋಣೆ ಏರಿಸಿದರೆ ಹೊಸ ನಿರ್ಮಾಣ.

ಬೆಂಗಳೂರಿನ ಕೆರೆಗಳ ತೀರ್ಪನ್ನು ಇಲ್ಲಿಗೆ ತಂದು ಅಂಟಿಸುವವರಿಗೆ ಒಂದೇ ಮಾತು. 2016ರ ಮೇ 4ರಂದು ಹಸಿರು ನ್ಯಾಯಮಂಡಳಿ ಕೆರೆಯಂಚಿಗೆ 75 ಮೀಟರ್ ಎಂದದ್ದು ಬೆಂಗಳೂರಿಗೆ. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನೂ ರದ್ದು ಮಾಡಿತು. ಅಲ್ಲಿನ ಅಳತೆ ಹಿಡಿದು ಆದಿಲ್ ಶಾಹಿ ಹೊಂಡಕ್ಕೆ ಟೇಪು ಎಳೆಯುವುದು ಹುಡುಗಾಟ. ಹೊಂಡದ ದಂಡೆಯ ಮನೆಯನ್ನು ಕಟ್ಟಿಹಾಕಿರುವುದು ನೀರಲ್ಲ, ಸ್ಮಾರಕ. ಅಳತೆ ಶುರುವಾಗುವುದೂ ನೀರಿನಂಚಿನಿಂದಲ್ಲ, ಸಂರಕ್ಷಿತ ಎಲ್ಲೆಯಿಂದ.

ಕೊನೆಗೆ, ಅರ್ಜಿಯ ಕರಡು ತಂದವರಿಗೆ ನಾನು ಹೇಳುವುದನ್ನೇ ಇಲ್ಲೂ ಬರೆಯುತ್ತೇನೆ. ಬೆಂಕಿ ಆರಿದ ಮೇಲೆ ಮನೆಯವರು ಮೊದಲು ಮಾಡುವ ಕೆಲಸ ಬೂದಿ–ಮಣ್ಣು ಎತ್ತಿಸುವುದು. ಎರಡನೆಯದು, ಮಕ್ಕಳ ಮೇಲೆ ಬಿದ್ದೀತೆಂದು ವಾಲಿದ ಗೋಡೆಯನ್ನು ಉರುಳಿಸುವುದು. ಎರಡನೆಯದಕ್ಕೆ ಕೈಹಾಕುವ ಮುಂಚೆ ನಾಲ್ಕೂ ಗೋಡೆಗಳ ಎತ್ತರ ಅಳೆಯಿರಿ, ತೊಲೆಯ ತೂತುಗಳು ಕಾಣುವಂತೆ ಫೋಟೊ ತೆಗೆಸಿರಿ, ವಾಲಿದ್ದಕ್ಕೆ ಮರದ ಊರೆ ಕೊಡಿ. ಅರ್ಜಿಯಲ್ಲಿ ‘ಜೀರ್ಣೋದ್ಧಾರ’ ಎಂದು ಬರೆಯಬೇಡಿ. ಮಾಳಿಗೆ ದುರಸ್ತಿ ಎಂದು ಬರೆಯಿರಿ.