ರಾಶಿಯ ಮುದ್ರೆ, ಅಣುವಿನ ಕಾವಲು

ಯಾವಗಲ್ಲಿನ ಕಡೆಯ ಎರೆಸೀಮೆಯಲ್ಲಿ ಜೋಳದ ರಾಶಿಯನ್ನು ಕಂಡವರಿಗೆ ಕಣದ ಕಾವಲೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆಯಲ್ಲಿ ಪಾಲು ಹಂಚುತ್ತಿದ್ದ ಕಾಲದಲ್ಲಿ ರಾಶಿಯ ಮೇಲೆ ಮುದ್ರೆಯೊತ್ತುವ ಪದ್ಧತಿ ನಮ್ಮ ದೇಶದ ಹಲವೆಡೆ ಇತ್ತು. ಮುದ್ರೆ ಕಳ್ಳನ ಕೈಯನ್ನು ಹಿಡಿಯುತ್ತಿರಲಿಲ್ಲ; ಯಾರೋ ಕೈಯಿಟ್ಟರೆಂದು ಬೆಳಿಗ್ಗೆ ಸಾಕ್ಷಿ ನುಡಿಯುತ್ತಿತ್ತು, ಅಷ್ಟೆ.

ಅಣುಶಕ್ತಿಯ ಕಾವಲಿಗೂ ಇದೇ ನ್ಯಾಯ. ವಿದ್ಯುತ್ತಿಗೆಂದು ಪಡೆದ ಇಂಧನ ಬಾಂಬಿಗೆ ತಿರುಗಬಾರದೆಂದು ನೋಡಿಕೊಳ್ಳುವ ಹೊಣೆ 1957ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯದು. ಅದರ ನಿಬಂಧನೆಗಳು ಸಿದ್ಧವಾಗುತ್ತಿದ್ದ 1956ರಲ್ಲಿಯೇ ಹೋಮಿ ಭಾಭಾ ಆಕ್ಷೇಪವೆತ್ತಿದ್ದರು: ನೆರವು ಬೇಡುವ ದೇಶಕ್ಕೆ ಕಾವಲು, ಬಾಂಬುಳ್ಳ ದೇಶಕ್ಕೆ ಸ್ವಾತಂತ್ರ್ಯ, ಇದಾವ ನ್ಯಾಯ ಎಂಬುದೇ ಅದರ ತಿರುಳು. ಆದರೂ 1969ರಲ್ಲಿ ಆರಂಭವಾದ ತಾರಾಪುರದ ಸ್ಥಾವರ 1971ರ ಒಪ್ಪಂದದ ಮೇರೆಗೆ ಆ ಕಾವಲಿಗೊಳಪಟ್ಟಿತು.

ಉರಿದು ತೆಗೆದ ಇಂಧನವನ್ನಿಡುವ ನೀರಿನ ಕೊಳದ ಮೇಲೆ ಕಣ್ಣಿಡುವುದು ಮುಖ್ಯ. ಪ್ಲುಟೋನಿಯಮ್ ಇರುವುದು ಆ ಇಂಧನದಲ್ಲಿ. ಮೊದಲು ಆ ಕೆಲಸಕ್ಕಿದ್ದುದು ಫಿಲ್ಮ್ ಕ್ಯಾಮೆರಾಗಳ ಜೋಡಿ. ಒಂದು ಕೆಟ್ಟರೆ ಇನ್ನೊಂದಿರಲೆಂದು. ಅನಂತರ ವಿಡಿಯೋ ಬಂದಿತು. 1990ರ ದಶಕದ ಕೊನೆಗೆ ಡಿಜಿಟಲ್ ಕ್ಯಾಮೆರಾ. ಅಂಕಿಗಳಾಗಿ ಕುಳಿತ ಚಿತ್ರವನ್ನು ತಿದ್ದುವುದು ಸುಲಭ. ಆದುದರಿಂದ ಕ್ಯಾಮೆರಾ ತಾನು ತೆಗೆದ ಚಿತ್ರಕ್ಕೆ ಒಳಗೇ ಗುಪ್ತ ಸಂಕೇತದ ಮುದ್ರೆಯೊತ್ತುತ್ತದೆ. ಒಂದು ಅಂಕಿ ಬದಲಾದರೂ ಮುದ್ರೆ ಹೊಂದುವುದಿಲ್ಲ. ಪೆಟ್ಟಿಗೆಯ ಮೇಲೆ ಬೇರೊಂದು ಮುದ್ರೆ. ವಿದ್ಯುತ್ತು ನಿಂತರೆ ಬ್ಯಾಟರಿ. ಬೇಗೆಯಲ್ಲಿ, ಮಂದ ಬೆಳಕಿನಲ್ಲಿ, ವಿಕಿರಣದ ನಡುವೆ ಈ ಕಣ್ಣು ಮಬ್ಬಾಗದೆ ಉಳಿಯುವುದೇ ಎಂದು ಪರೀಕ್ಷಿಸಿದ ಮೇಲೆಯೇ ಅದನ್ನು ಕಾವಲಿಗೆ ನಿಲ್ಲಿಸುತ್ತಾರೆ.

ಇನ್ನು ನಮ್ಮ ನಾಡಿನ ಮಾತು. 2006ರ ಯೋಜನೆಯಲ್ಲಿ ಭಾರತ 14 ರಿಯಾಕ್ಟರುಗಳನ್ನು ಕಾವಲಿಗೊಪ್ಪಿಸಲು ಸಮ್ಮತಿಸಿತು. ಸಂಸ್ಥೆಯೊಡನೆ ಒಪ್ಪಂದವಾದುದು 2009ರಲ್ಲಿ. ಕಾಳೀ ನದಿಯ ದಂಡೆಯ ಕೈಗಾ ಆ ಪಟ್ಟಿಯಲ್ಲಿರಲಿಲ್ಲ. ಅದರಿಂದ ಅಲ್ಲಿ ತಪ್ಪು ನಡೆದಿದೆಯೆಂದು ಯಾರೂ ಎಣಿಸಬೇಕಾಗಿಲ್ಲ. ಆ ರಾಶಿಗೆ ಹೊರಗಿನವರ ಮುದ್ರೆ ಬೇಡವೆಂದು ದೇಶ ನಿಶ್ಚಯಿಸಿತು, ಅಷ್ಟೆ.

ಇಲ್ಲಿಯೇ ಭಾಭಾ ಅವರ ಪ್ರಶ್ನೆ ಮತ್ತೆ ಎದುರಾಗುತ್ತದೆ. ಮುದ್ರೆ ಎಷ್ಟೇ ಬಿಗಿಯಾದರೂ ಅದನ್ನು ಯಾರ ರಾಶಿಗೆ ಒತ್ತಬೇಕೆಂಬುದನ್ನು ಮುದ್ರೆ ನಿರ್ಧರಿಸಲಾರದು. ಅದು ಮನುಷ್ಯರು ಕುಳಿತು ತೀರ್ಮಾನಿಸಬೇಕಾದ ಮಾತು.